ಇಂದಿನ ಧಮ್ಮ ಚಿಂತನೆ: ನೀರಿಗೆ ಪಾವಿತ್ರ್ಯ ಬೇಕೆ?





ನೀರನ್ನು ಪವಿತ್ರ ಎಂದು ಕರೆದರೆ ತಪ್ಪೇನು? ಯಾರಿಗೂ ತೊಂದರೆ ಇಲ್ಲವಲ್ಲ? ನಮ್ಮ ಭಾನುವಾರದ ಅಧ್ಯಯನದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಸುಲಭದ ಪ್ರಶ್ನೆಯಲ್ಲ. ಚೀನಾದಲ್ಲಿ ನಾನು ನೋಡಿದ ಒಂದು ಬೆಟ್ಟದ ಚಿಲುಮೆಯ ಮೂಲಕ ಇದನ್ನು ಯೋಚಿಸೋಣ.

ಕೆಲಸದ ಮೇಲೆ ಗುವಾಂಗ್‌ಝೌಗೆ ಹೋಗಿದ್ದಾಗ ಒಂದು ದಿನ ಬಿಡುವು ಸಿಕ್ಕಿತು. ಉತ್ತರಕ್ಕೆ ಹೋಗುವ ರೈಲು ಹಿಡಿದು ಶಾವೋಗುವಾನ್‌ನಲ್ಲಿ ಇಳಿದು, ಅಲ್ಲಿಂದ ನಾನ್‌ಹುವಾ ವಿಹಾರಕ್ಕೆ ಹೋದೆ. ವಿಹಾರದ ಹಿಂದೆ ಬೆಟ್ಟದ ಬುಡದಲ್ಲಿ ಚಿಲುಮೆ ಇದೆ. ಅದರ ಸುತ್ತ ಬಹಳ ಎತ್ತರದ, ನೂರಾರು ವರ್ಷದ ಮರಗಳು. ತೇವದ ನೆಲದಲ್ಲೇ ಬೆಳೆಯುವ ಒಂದು ಜಾತಿಯ ಸೂಚಿಪರ್ಣಿ. ಬಿಸಿಲಲ್ಲಿ ನಡೆದು ಬಂದವರಿಗೆ ಆ ನೆರಳೇ ಸಾಕು. ಜನ ಸಾಲಾಗಿ ಬಂದು ಮುಖ ತೊಳೆಯುತ್ತಿದ್ದರು, ಕುಡಿಯುತ್ತಿದ್ದರು, ಬಾಟಲಿ ತುಂಬಿಕೊಳ್ಳುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನೀನು ಯಾರು, ಎಲ್ಲಿಯವನು ಎಂದು ಯಾರೂ ಕೇಳಲಿಲ್ಲ.

ಆ ಜಾಗಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಅಲ್ಲಿನ ಪರಂಪರೆ ಹೇಳುವಂತೆ, 502ರಲ್ಲಿ ಭಾರತದ ಒಬ್ಬ ಭಿಕ್ಖು ಆ ದಾರಿಯಾಗಿ ಬಂದರು. ಅವರನ್ನು ಚೀನೀಯರು ಝಿಯಾವೋ ಎಂದು ಕರೆಯುತ್ತಾರೆ. ತ್ಸಾವೋಶಿ ಎಂಬ ತೊರೆಯ ನೀರು ಕುಡಿದು ಅದರ ರುಚಿಗೆ ಬೆರಗಾಗಿ, ಇದರ ಮೇಲ್ಭಾಗದಲ್ಲಿ ವಿಹಾರ ಕಟ್ಟಿರಿ ಎಂದು ಊರವರಿಗೆ ಹೇಳಿದರಂತೆ.

ಮುಂದೆ ಅಲ್ಲಿ ನೆಲೆಸಿದವರು ಝೆನ್ ಪರಂಪರೆಯ ಆರನೆಯ ಗುರು ಹುಯಿನೆಂಗ್ (638–713). ಅವರ ಬದುಕು ನಮಗೆ ಹತ್ತಿರದ್ದು. ಎಳೆಯ ವಯಸ್ಸಿನಲ್ಲೇ ತಂದೆ ಇಲ್ಲ. ತಾಯಿಯನ್ನು ಸಾಕಲು ಸೌದೆ ಮಾರುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ಧಮ್ಮ ಕಲಿಯಲು ಗುರು ಹೊಂಗ್‌ರೆನ್ ಬಳಿ ಹೋದಾಗ, ದಕ್ಷಿಣದ ಕಾಡುಜನ ನೀನು, ನೀನು ಬುದ್ಧನಾಗುವುದು ಹೇಗೆ ಎಂಬ ಮಾತು ಎದುರಾಯಿತು. ಹುಟ್ಟಿದ ದಿಕ್ಕಿನಿಂದ ಆ ಯೋಗ್ಯತೆಯನ್ನು ಅಳೆಯಲಾಗದು ಎಂದು ಅವರು ಅಲ್ಲೇ ವಾದಿಸಿದರು. ಆದರೂ ಅವರಿಗೆ ಸಿಕ್ಕಿದ್ದು ಭತ್ತ ಕುಟ್ಟುವ ಕೆಲಸ, ಎಂಟು ತಿಂಗಳು. ಕೊನೆಗೆ ಗುರುವಿನ ಚೀವರ ಬಂದದ್ದು ಆ ಭತ್ತ ಕುಟ್ಟುವವರ ಕೈಗೇ.

ಚಿಲುಮೆಯ ಕಥೆ ಆ ಚೀವರದ್ದು. ಅದನ್ನು ಒಗೆಯಲು ಒಳ್ಳೆಯ ನೀರು ಸಿಗದೆ ಹುಯಿನೆಂಗ್ ವಿಹಾರದ ಹಿಂದಿನ ಬೆಟ್ಟಕ್ಕೆ ಬಂದು, ತಮ್ಮ ದಂಡವನ್ನು ನೆಲಕ್ಕೆ ಊರಿದರಂತೆ. ನೀರು ಉಕ್ಕಿತಂತೆ. ಅದಕ್ಕೇ ಅದು ದಂಡ ಊರಿದ ಚಿಲುಮೆ.

ಬಾಬಾಸಾಹೇಬರ ಮಕ್ಕಳಾದ ನಾವು ಇಂಥ ಪವಾಡವನ್ನು ಒಪ್ಪುವುದಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಮರದ ಬೇರು, ಮಣ್ಣು, ಕಲ್ಲಿನ ಬಿರುಕುಗಳ ಮೂಲಕ ಇಳಿಯುತ್ತದೆ. ಮುಂದೆ ಇಳಿಯಲಾಗದ ಪದರ ಸಿಕ್ಕಾಗ ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ಇದು ಇರುವುದರಿಂದ ಅದು ಇದೆ. ಕಾಡು ಕಡಿದರೆ ಚಿಲುಮೆ ಬತ್ತಲೂಬಹುದು. ಪಟಿಚ್ಚಸಮುಪ್ಪಾದಕ್ಕೆ ಇದಕ್ಕಿಂತ ಸರಳ ಪಾಠ ಬೇಡ.

ಆದರೆ ಆ ಕಥೆಯಲ್ಲಿ ಒಂದು ಮಾತನ್ನು ಗಮನಿಸಿ. ನೀರು ಬೇಕಾದದ್ದು ಪಾಪ ತೊಳೆಯಲು ಅಲ್ಲ, ಬಟ್ಟೆಯ ಕೊಳೆ ತೊಳೆಯಲು. ನೀರಿಂದ ನೀರಿನ ಕೆಲಸವನ್ನಷ್ಟೇ ಕೇಳಿದರು. ಬುದ್ಧರ ಕಾಲದಲ್ಲೇ ನೀರು ಹೊರುತ್ತಿದ್ದ ದಾಸಿ ಪುಣ್ಣಾ, ಚಳಿಯಲ್ಲಿ ನದಿಗಿಳಿದ ಬ್ರಾಹ್ಮಣನಿಗೆ ಸ್ನಾನದಿಂದ ಪಾಪ ಹೋಗುವುದಿಲ್ಲ ಎಂದು ತಿಳಿಹೇಳಿದ್ದು ಥೇರಿಗಾಥಾದಲ್ಲಿದೆ. ದಿನವೂ ನೀರು ಹೊತ್ತವಳಿಗೆ ನೀರು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿತ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಪವಿತ್ರ ಎಂದರೆ ತಪ್ಪೇನು? ಯಾವುದು ಮುಟ್ಟಿದವರನ್ನು ಶುದ್ಧ ಮಾಡುತ್ತದೆಯೋ, ಅದು ಮುಟ್ಟಿದವರಿಂದ ಕೆಡಲೂಬಹುದು. ಮಡಿಯನ್ನು ಹುಟ್ಟಿಸಿದ ಮನಸ್ಸೇ ಮೈಲಿಗೆಯನ್ನೂ ಹುಟ್ಟಿಸುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಅದೇ ಕೆರೆಗೆ 108 ಮಡಕೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ‘ಶುದ್ಧಿ’ ಮಾಡಿದರು. ದನ, ಕತ್ತೆ ಕುಡಿದರೆ ಕೆಡದ ನೀರು ಮನುಷ್ಯ ಮುಟ್ಟಿದರೆ ಕೆಟ್ಟಿತು. ಆದ್ದರಿಂದ ಪಾವಿತ್ರ್ಯವನ್ನು ಬಿಡುವುದು ಬರೀ ಒಣ ವಿಚಾರವಾದವಲ್ಲ. ಬೇಲಿಯ ಬೇರನ್ನೇ ಕೀಳುವ ಕೆಲಸ.

ಹಾಗಾದರೆ ನೀರಿನ ಮೇಲೆ ಪ್ರೀತಿ, ಗೌರವ ಇಟ್ಟುಕೊಳ್ಳುವುದೂ ಮೂಢನಂಬಿಕೆಯೆ? ಇಲ್ಲಿ ನಮ್ಮ ದೊಡ್ಡವ್ವನ ಮಾತು ಹೇಳಬೇಕು. ನಾನು ಅಲ್ಲಿಂದ ಫೋನ್ ಮಾಡಿದಾಗ, “ಒಂದು ಸಣ್ಣ ಬಾಟಲಿ ನೀರು ತಾ” ಅಂದಳು. “ಯಾಕವ್ವಾ, ಇದೇನು ತೀರ್ಥ ಅಲ್ಲ” ಅಂದೆ.

“ತೀರ್ಥ ಅಂತ ಯಾರು ಕೇಳ್ಯಾರ ತಮ್ಮಾ? ನಾ ಸಣ್ಣಾಕಿ ಇದ್ದಾಗ ಊರ ಬಾವಿ ಕಟ್ಟಿ ಹತ್ತಾಕ ಬಿಡತಿರಲಿಲ್ಲ. ಕೊಡ ಇಟ್ಕೊಂಡು ದೂರ ಕುಂದರತಿದ್ವಿ. ಯಾರರೆ ಮನಸ್ಸು ಮಾಡಿ ಮ್ಯಾಲಿಂದ ಸುರದ್ರ ನೀರು, ಇಲ್ಲಂದ್ರ ಖಾಲಿ ಕೊಡ. ನೀ ಅಲ್ಲಿ ನಿನ್ನ ಕೈಲೆ ತುಂಬಿದ್ದಿ ಅಲ್ಲ, ಆ ನೀರು ಹೆಂಗಿರತೈತಿ ನೋಡಬೇಕು.”

ಆ ಬಾಟಲಿ ಊರಿಗೆ ಬಂತು. ವಿಹಾರದಲ್ಲಿ ಒಬ್ಬರು, ಬುದ್ಧರ ಮೂರ್ತಿಯ ಮುಂದೆ ಇಟ್ಟು ಎಲ್ಲರಿಗೂ ಒಂದೊಂದು ಹನಿ ಕೊಡೋಣ ಎಂದರು. ದೊಡ್ಡವ್ವ ಬೇಡವೆಂದಳು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, “ನಮ್ಮೂರ ನೀರಿಗಿಂತ ಸ್ವಲ್ಪ ಸಪ್ಪಗೈತಿ” ಎಂದು ನಕ್ಕಳು.

ಬಂಧುಗಳೇ, ಬಾಟಲಿ ಒಂದೇ. ಒಬ್ಬರ ಮನಸ್ಸಿನಲ್ಲಿ ಅದು ತೀರ್ಥವಾಗಲು ಹೊರಟಿತ್ತು, ಇನ್ನೊಬ್ಬರಿಗೆ ಅದು ತಾನು ಪಡೆದ ಹಕ್ಕಿನ ಸಾಕ್ಷಿ. ಕರ್ಮ ಇರುವುದು ವಸ್ತುವಿನಲ್ಲಲ್ಲ, ಚೇತನದಲ್ಲಿ ಎಂದು ಭಗವಾನರು ಕಲಿಸಿದ್ದು ಇದನ್ನೇ. ದೀಕ್ಷಾಭೂಮಿಯ ಮಣ್ಣಾಗಲಿ, ಬೋಧಿಯ ಎಲೆಯಾಗಲಿ, ನಮ್ಮ ಮನೆಯಲ್ಲಿ ಯಾವ ರೂಪದಲ್ಲಿದೆ ಎಂದು ನಾವೂ ನೋಡಿಕೊಳ್ಳಬೇಕು. ಅದು ನಮಗೆ ಏನನ್ನಾದರೂ ನೆನಪಿಸುತ್ತಿದೆಯೆ, ಅಥವಾ ನಮ್ಮ ಬದಲು ಪುಣ್ಯ ಸಂಪಾದಿಸಲಿ ಎಂದು ಇಟ್ಟಿದ್ದೇವೆಯೆ?

*ಇಂದಿನ ಅಭ್ಯಾಸ:* ಇವತ್ತು ಕುಡಿಯುವ ಮೊದಲ ಲೋಟ ನೀರನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಲ್ಲಿ. ಇದು ನಮ್ಮ ಕೈಗೆ ಬರಲು ಯಾವ ಮಳೆ, ಯಾವ ಮರ, ಯಾರ ಹೋರಾಟ ಕಾರಣ ಎಂದು ನೆನೆಯಿರಿ. ಇಂದಿಗೂ ನೀರಿಗಾಗಿ ದೂರ ನಿಲ್ಲಬೇಕಾದವರು ನಮ್ಮ ಸುತ್ತ ಯಾರಿದ್ದಾರೆ ಎಂದೂ ಕೇಳಿಕೊಳ್ಳಿ. ಆಮೇಲೆ ಕುಡಿಯಿರಿ.

ಭವತು ಸಬ್ಬ ಮಂಗಲಂ.
ಜೈ ಭೀಮ್ 🙏