ಲೋಹಕ್ಕೆ ಪಾಪವುಂಟೆ?

ಉತ್ತರ ಕರ್ನಾಟಕದ ಹಿರಿಯರು ಖಂಡೇಪೂಜೆಯೆಂದು ಕರೆಯುವ ಆಯುಧಪೂಜೆಯ ದಿನ ಯಾದಗಿರಿ, ಶಹಾಪುರ, ಸುರಪುರಗಳ ಬೀದಿಗಳಲ್ಲಿ ಟ್ರ್ಯಾಕ್ಟರು, ಲಾರಿ, ಟಂಟಂಗಳು ಮಿಂದು ಮಡಿಯಾಗಿ, ವಿಭೂತಿ ಕುಂಕುಮಗಳನ್ನು ಧರಿಸಿ, ಚೆಂಡುಹೂವಿನ ಮಾಲೆಯೊಡನೆ ನಿಲ್ಲುತ್ತವೆ. ಬೆಳೆಗೆ ನೆರವಾದ, ಸರಕನ್ನು ಹೊತ್ತ, ಮನೆಯ ಒಲೆಯನ್ನು ಉರಿಸಿದ ಯಂತ್ರಕ್ಕೆ ಕೃತಜ್ಞತೆ ಸಲ್ಲಿಸುವ ಈ ಆಚರಣೆಯನ್ನು ಅರಿಯಲು ತತ್ತ್ವಶಾಸ್ತ್ರದ ಸಹಾಯ ಬೇಕಿಲ್ಲ. ಆದರೆ ಅದೇ ಸಾಲಿನಲ್ಲಿ, ಸೈನ್ಯದ ಹರಾಜಿನಿಂದ ಬಂದು, ಒಬ್ಬ ಉತ್ಸಾಹಿಯ ವರ್ಷಾಂತರಗಳ ಶ್ರಮದಿಂದ ಪುನಃ ಜೀವ ತಳೆದ ಹಳೆಯ ಮಿಲಿಟರಿ ಜೀಪೊಂದು ನಿಂತಿದ್ದರೆ, ಅದರೆದುರು ಕಾಯಿ ಒಡೆಯುವ ಕೈ ಪೂಜಿಸುತ್ತಿರುವುದು ಶಿಲ್ಪಿಯ ಜಾಣ್ಮೆಯನ್ನೋ, ಯೋಧನ ಶೌರ್ಯವನ್ನೋ, ಅಥವಾ ಕೊಲ್ಲುವ ಬಲವನ್ನೋ ಎಂಬ ಪ್ರಶ್ನೆ ಏಳದೆ ಇರದು.

ಹಳೆಯ ಜೀಪಿನ ಮೇಲಿನ ಈ ಅನುರಾಗವನ್ನು ಲಘುವಾಗಿ ಕಾಣುವುದು ಅನ್ಯಾಯವಾದೀತು. 1940ರಲ್ಲಿ ಅಮೆರಿಕದ ಬ್ಯಾಂಟಮ್ ಸಂಸ್ಥೆ ಸೈನ್ಯಕ್ಕಾಗಿ ರೂಪಿಸಿದ ಮಾದರಿಯಿಂದ ಬೆಳೆದು, ಮರುವರ್ಷದಿಂದ ಮೊದಲ್ಗೊಂಡು ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಮಿಕ್ಕಿ ಹೊರಬಂದ ಆ ಜೀಪಿನಲ್ಲಿ ಅನಾವಶ್ಯಕವಾದುದು ಬಹಳ ವಿರಳ: 60 ಅಶ್ವಶಕ್ತಿಯ ಎಂಜಿನ್ನು, ಮುಂದಕ್ಕೆ ಮಡಿಸಬಹುದಾದ ಗಾಜು, ಚಾಲಕನ ಆಸನದಡಿಯಲ್ಲೇ ಪೆಟ್ರೋಲಿನ ಟ್ಯಾಂಕು, ಗೇರಿನ ಪಕ್ಕದಲ್ಲಿ ಮುಂಗಾಲಿಗಳಿಗೂ ಬಲವನ್ನು ಹರಿಸುವ ಇನ್ನೊಂದು ಲಿವರು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಮಹೀಂದ್ರರ ಸಂಸ್ಥೆ ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿತು. ಕೃಷ್ಣೆ ಭೀಮೆಯರ ನಡುವಣ ಎರೆಭೂಮಿಯಲ್ಲಿ, ಮಳೆ ಹಿಡಿದ ಮೇಲೆ, ಕರಿಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಹಿಂಗಾಲಿಗಳು ನಿಂತಲ್ಲೇ ತಿರುಗುತ್ತ ಹೂತುಹೋಗುವ ಹೊತ್ತಿನಲ್ಲಿ, ಆ ಲಿವರನ್ನೆಳೆದೊಡನೆ ನಾಲ್ಕೂ ಗಾಲಿಗಳು ನೆಲವನ್ನು ಕಚ್ಚಿ ಗಾಡಿ ಮೆಲ್ಲನೆ ಮೇಲೇಳುವುದನ್ನು ಕಂಡವನಿಗೆ ಈ ಯಂತ್ರದ ಮೇಲೆ ಮಮತೆ ಮೂಡಿದರೆ ಅದು ಸಹಜವಾದುದೇ ಅಹುದು. ಮನುಷ್ಯಬುದ್ಧಿಯ ಒಂದು ಶುದ್ಧ ರೂಪ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಜಡಕ್ಕೆ ಕರ್ತೃತ್ವವಿಲ್ಲ, ಕರ್ತೃವಿಲ್ಲದೆ ಕರ್ಮವಿಲ್ಲ, ಆದುದರಿಂದ ಲೋಹಕ್ಕೆ ಪಾಪವಿಲ್ಲವೆಂದು ತರ್ಕಿಸಿ ಇಲ್ಲಿಯೇ ವಿರಮಿಸಬಹುದಾಗಿತ್ತು. ಆದರೆ ದೊರೆ ಅಮೋಘವರ್ಷನ ಗುರು, ಜೈನ ಮುನಿ ಜಿನಸೇನಾಚಾರ್ಯರು ಬಾಳಿದ ಮಳಖೇಡ ಇಲ್ಲಿಗೆ ಬಹುದೂರದ್ದಲ್ಲ. ಆ ಜೈನ ಪರಂಪರೆ ಇದೇ ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ, ಕರ್ಮವು ಆತ್ಮದೊಳಕ್ಕೆ ಹರಿದುಬರುವುದಕ್ಕೆ ಜೀವವು ಹೇಗೋ ಹಾಗೆ ಅಜೀವವೂ ಅಧಿಕರಣ, ಎಂದರೆ ಆಧಾರ, ಎಂದು ಹೇಳಿ, ವಸ್ತುವನ್ನು ನಿರ್ಮಿಸುವುದು, ಇರಿಸುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬಿವುಗಳನ್ನು ಅದರ ಪ್ರಕಾರಗಳಾಗಿ ಎಣಿಸಿದೆ. ಪಾಪವು ಕಬ್ಬಿಣಕ್ಕೆ ಅಂಟದು. ಆದರೆ ಕಬ್ಬಿಣದ ನಿಮಿತ್ತವಾಗಿ ಅದನ್ನು ಜೋಡಿಸುವವನಿಗೆ, ಇರಿಸಿಕೊಳ್ಳುವವನಿಗೆ ಅಂಟಬಲ್ಲದು. ಹಳೆಯ ಚಾಸಿಗೆ ಹೊಸ ಆಕ್ಸಲ್ ಕೂಡಿಸುತ್ತಿರುವ ಉತ್ಸಾಹಿಯು ಈ ದೃಷ್ಟಿಯಲ್ಲಿ ಕೇವಲ ಪ್ರೇಕ್ಷಕನಲ್ಲ. ಅದೇ ಪರಂಪರೆ ಗೃಹಸ್ಥರಾದ ಶ್ರಾವಕರಿಗೆ ನಿಷೇಧಿಸಿದ, ಅನರ್ಥದಂಡಗಳೆಂಬ ನಿಷ್ಪ್ರಯೋಜನ ಪಾಪಕಾರ್ಯಗಳಲ್ಲಿ, ಹಿಂಸೆಯ ಸಾಧನವನ್ನು ಪರರಿಗೀಯುವುದರ ಜೊತೆಗೆ, ಪರರ ವಧೆಯನ್ನು ಮನಸ್ಸಿನಲ್ಲಿಯೇ ಚಿಂತಿಸಿ ಸುಖಿಸುವ ಅಪಧ್ಯಾನವೂ ಸೇರಿದೆ. ನನಗೆ ಮುಖ್ಯವಾಗಿ ಕಾಣುವುದು ಈ ಎರಡನೆಯದೇ.

ಏಕೆಂದರೆ ಸೈನ್ಯದ ಗಾಡಿಯ ಸದ್ದು ಈ ಸೀಮೆಯ ಎಲ್ಲ ಮನೆಗಳಲ್ಲಿಯೂ ಒಂದೇ ನೆನಪನ್ನು ಎಬ್ಬಿಸುವುದಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿ, 17ರಂದು ನಿಜಾಮನು ಕದನವಿರಾಮವನ್ನು ಸಾರಿದಾಗ, ಈ ಮೂರು ಊರುಗಳೂ ಅಂದಿನ ಗುಲ್ಬರ್ಗಾ ಜಿಲ್ಲೆಯಲ್ಲಿದ್ದುವು. ನಿಜಾಮನ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ನೊಂದು ಗಡಿಯಾಚೆಯ ಶಿಬಿರಗಳಲ್ಲಿ ತಲೆಮರೆಸಿಕೊಂಡಿದ್ದವರಿಗೆ ಅದು ವಿಮೋಚನೆಯ ಸದ್ದು. ಆ ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಸಂಸ್ಥಾನದಲ್ಲಿ ಕನಿಷ್ಠ 27,000ದಿಂದ 40,000 ಜನ, ಬಹುಪಾಲು ಮುಸಲ್ಮಾನರು, ಹತರಾದರೆಂದು ಅಂದಾಜು ಮಾಡಿದ, ಭಾರತ ಸರ್ಕಾರ ಕಳುಹಿಸಿದ್ದ ಪಂಡಿತ ಸುಂದರಲಾಲರ ಸಮಿತಿ, ಅತ್ಯಂತ ಪೀಡಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗೆಯನ್ನೂ ಹೆಸರಿಸಿತು. ನೆರೆಯವರಾಗಿ ಬಾಳುತ್ತಿರುವ ಎರಡು ಮನೆಗಳ ಅಜ್ಜಿಯರು ಒಂದೇ ವಾರವನ್ನು ಎರಡು ಬಗೆಯಾಗಿ ನೆನೆದ ನಾಡಿದು; ಇಲ್ಲಿ ಒಬ್ಬರ ವಿನೋದದ ಚಿಂತನೆ ಇನ್ನೊಬ್ಬರ ಗಾಯವಾದೀತು.

ಪೂಜೆ ಬೇರೆ, ಅರಿವು ಬೇರೆಯೆಂಬುದಕ್ಕೂ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಶಹಾಪುರಕ್ಕೆ ಸಮೀಪವಾದ ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ದೇವಾಲಯದ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಶಿಲೆಯ ಮೇಲೆ ಅಶೋಕನ ಶಾಸನಗಳು ಕಂಡುಬಂದುವು. ಪರಮತವನ್ನು ಗೌರವಿಸಬೇಕೆನ್ನುವ ಹನ್ನೆರಡನೆಯ ಶಾಸನ ಅದರಲ್ಲಿದೆ. ಪ್ರಜೆಗಳನ್ನು ಮಕ್ಕಳಂತೆ ಕಾಣುವ ಪ್ರತ್ಯೇಕ ಶಾಸನಗಳೂ ಇವೆ, ಅವು ಇಲ್ಲಿಯಲ್ಲದೆ ದೊರೆತಿರುವುದು ಕಳಿಂಗದ ಧೌಲಿ ಜೌಗಡಗಳಲ್ಲಿ, ಎಂದರೆ ಆ ದೊರೆ ರಕ್ತ ಹರಿಸಿದ ನೆಲದಲ್ಲಿಯೇ. ಆ ಶಿಲೆ ಅದೆಷ್ಟೋ ಕಾಲ ಅರಿಶಿನ ಕುಂಕುಮಗಳನ್ನು ಪಡೆಯಿತು, ಆದರೆ ಅದರ ಮೇಲಿನ ಮಾತನ್ನು ಓದಿದವರಿರಲಿಲ್ಲ. ಪೂಜಿಸಿದವರ ಭಕ್ತಿ ಸುಳ್ಳಾಗಿರಲಿಲ್ಲವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಪೂಜೆಯೊಂದರಿಂದಲೇ ವಸ್ತುವಿನ ಸತ್ಯ ಕೈಗೆ ಬರುವುದಿಲ್ಲ.

ಆದಕಾರಣ ಜೀಪನ್ನು ಉಳಿಸುವವನು ಅದರ ಕಥೆಯನ್ನೂ ಉಳಿಸಬೇಕೆಂದು ನಾನು ನಂಬುತ್ತೇನೆ. ನಮ್ಮ 1989ರ ಮೋಟಾರು ವಾಹನ ನಿಯಮಗಳು ಸೇನೆಯ ಆ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಗೆ ಮಾತ್ರ ಮೀಸಲಿಟ್ಟಿರುವುದು ವ್ಯವಹಾರದ ಕಾರಣಕ್ಕಾದರೂ, ಅದರಲ್ಲಿ ಒಂದು ಔಚಿತ್ಯವುಂಟು: ಪ್ರಾಣವನ್ನು ಪಣವಾಗಿಟ್ಟವನ ವರ್ಣ ವಿನೋದಕ್ಕೆ ಸಲ್ಲದು. ಹುಸಿ ಬಂದೂಕನ್ನು ಬಾನೆಟ್ಟಿನ ಮೇಲೆ ನಿಲ್ಲಿಸಿ ಮೆರೆಯುವುದು ಅಪಧ್ಯಾನಕ್ಕೆ ಹತ್ತಿರವಾದುದು. ಅದೇ ಗಾಡಿಯಲ್ಲಿ ಮಳೆಗಾಲದ ರಾತ್ರಿ ಹೊಲದ ದಾರಿಯಲ್ಲಿ ಗರ್ಭಿಣಿಯನ್ನು ದವಾಖಾನೆಗೆ ಮುಟ್ಟಿಸುವುದು ಅದರ ಕಥೆಗೆ ಹೊಸದೊಂದು ಕರ್ಮವನ್ನು ಕೂಡಿಸುತ್ತದೆ, ಹಳೆಯದನ್ನು ಅಳಿಸದೆ.

ಇಂತಹ ಸ್ಮರಣೆ ಸಂತೋಷವನ್ನು ಕೆಡಿಸೀತೆಂಬ ಶಂಕೆಗೆ ಸುರಪುರದ ಜನರೇ ಉತ್ತರ. ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಬಂದ ಮೆಡೋಸ್ ಟೇಲರನು ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲನ್ನು ಅವರು ಅತಿಥಿಗಳಿಗೆ ಅಭಿಮಾನದಿಂದ ತೋರಿಸುತ್ತಾರೆ. ಅವನ ಪಾಲನೆಯಲ್ಲಿ ಬೆಳೆದು, ಅದೇ ಕಂಪನಿಯ ವಿರುದ್ಧ ಎದ್ದು, 1858ರಲ್ಲಿ ಸೆರೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದ ತಮ್ಮ ರಾಜಾ ವೆಂಕಟಪ್ಪನಾಯಕನ ಕಥೆಯನ್ನು ಅಲ್ಲಿಯೇ ನಿಂತು ಹೇಳುತ್ತಾರೆ. ಆ ಕಥೆಯಿಂದ ಕಟ್ಟಡದ ಚೆಲುವು ಕುಂದಿಲ್ಲ, ಕಟ್ಟಡದ ಚೆಲುವಿಗಾಗಿ ಕಥೆಯನ್ನು ಅವರು ಬಿಟ್ಟುಕೊಟ್ಟಿಲ್ಲ.