ಹೋಗಿ ಬರ್ತೀನಿ ಎನ್ನದ ಹೊಳೆ

ಹೊಳೆ ಕಣ್ಣಿಗೆ ಬೀಳುವ ಮೊದಲೇ ಎದೆಗೆ ತಾಕಿತು. ಬೆಟ್ಟದ ಹೊಟ್ಟೆಗೆ ಕೊರೆದ ಸುರಂಗದಲ್ಲಿ ನಾನೂ ಮಗಳೂ ನಡೆಯುತ್ತಿದ್ದೆವು. ಮೇ ಕೊನೆಯ ಬಿಸಿಲನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು ಹೆಚ್ಚು ಹೊತ್ತಾಗಿರಲಿಲ್ಲ, ಆಗಲೇ ಉಸಿರು ಹೊಗೆಯಾಡುತ್ತಿತ್ತು. ಮೊದಲು ಅದು ಸದ್ದು ಅನ್ನಿಸಲೇ ಇಲ್ಲ. ಕಾಲಡಿಯ ಕಲ್ಲು ಸಣ್ಣಗೆ ನಡುಗುತ್ತಿದೆ ಅನ್ನಿಸಿತು. ಸುರಂಗ ಮುಗಿದಲ್ಲಿ ಕತ್ತಲೆ ಒಮ್ಮೆಲೇ ಹಿಗ್ಗಿತು. ಎಷ್ಟೆತ್ತರ, ಎಷ್ಟಗಲ ಎಂದು ಕಣ್ಣು ಅಂದಾಜು ಮಾಡುವಷ್ಟರಲ್ಲಿ ಕಿವಿ ತುಂಬಿಹೋಗಿತ್ತು. ಬಲ್ಗೇರಿಯದವರು ಈ ಜಾಗವನ್ನು ‘ಮೊರೆಯುವ ಹಜಾರ’ ಎನ್ನುತ್ತಾರೆ. ಮಗಳು ಏನೋ ಹೇಳಿದಳು. ತುಟಿ ಆಡಿದ್ದು ಮಾತ್ರ ಕಂಡಿತು.

ದಕ್ಷಿಣ ಬಲ್ಗೇರಿಯದಲ್ಲಿ, ಗ್ರೀಸಿನ ಗಡಿಗೆ ಆತುಕೊಂಡಂತೆ ಹಬ್ಬಿರುವ ರೊಡೋಪಿ ಪರ್ವತಸಾಲಿನ ಟ್ರಿಗ್ರಾದ್ ಕಮರಿ ಇದು. ಕಡಿದಾದ ಕಲ್ಲುಗೋಡೆಗಳ ನಡುವೆ ತನ್ನ ಪಾಡಿಗೆ ಹರಿದು ಬರುವ ಹೊಳೆ ಇಲ್ಲಿ ಇದ್ದಕ್ಕಿದ್ದಂತೆ ಬಂಡೆಯೊಳಗೆ ಧುಮುಕಿಬಿಡುತ್ತದೆ. ಅದು ನುಗ್ಗುವ ಬಾಯಿಗೆ ‘ದೆವ್ವದ ಗಂಟಲು’ ಎಂದು ಹೆಸರು. ಕತ್ತಲೆಯಲ್ಲೇ ಸುಮಾರು 42 ಮೀಟರ್ ಬೀಳುವ ಈ ಅಬ್ಬಿಯನ್ನು ತಲೆಯಿಂದ ಬುಡದವರೆಗೆ ಒಂದೇ ನೋಟಕ್ಕೆ ಕಾಣಲಾಗುವುದಿಲ್ಲ. ದೀಪದ ಬೆಳಕಿಗೆ ಸಿಕ್ಕಷ್ಟು ಬಿಳಿ ನೊರೆ, ಮುಖಕ್ಕೆ ಸಿಡಿದಷ್ಟು ತಂಪು, ಅಷ್ಟೇ ನಮ್ಮ ಪಾಲಿಗೆ. ಬಿದ್ದ ನೀರು ಗುಹೆಯ ತಳದಲ್ಲಿ ಸ್ವಲ್ಪ ದೂರ ಹರಿದು, ನೀರೇ ತುಂಬಿರುವ ಬಿಲದೊಳಗೆ ಮತ್ತೆ ಮಾಯವಾಗುತ್ತದೆ. ಮುಂದೆಲ್ಲೋ ಹೊಳೆ ಹೊರಗೆ ಬರುತ್ತದೆ. ಆದರೆ ಅದರ ಜೊತೆ ಒಳಗೆ ಹೋದ ಮರದ ದಿಮ್ಮಿ, ಕೊಂಬೆ, ಯಾವುದೂ ಹೊರಬರುವುದಿಲ್ಲವೆಂದು ಇಲ್ಲಿಯ ಜನ ಹೇಳುತ್ತಾರೆ. 1970ರಲ್ಲಿ ಆ ನೀರಿನ ದಾರಿ ಹುಡುಕಲು ಇಳಿದ ಇಬ್ಬರು ಮುಳುಗುಗಾರರು ಜೀವಂತ ಮರಳಲಿಲ್ಲ.

ಹೊಳೆ ‘ಹೋಗಿ ಬರ್ತೀನಿ’ ಎನ್ನದೆ ಹೋಗುತ್ತದೆ. ಆ ಹಜಾರದ ಕಂಬಿ ಹಿಡಿದು ನಿಂತಾಗ ನನಗೆ ಬಂದ ಮೊದಲ ಯೋಚನೆ ಇದು. ಅದಕ್ಕೆ ಕಾರಣ ನನ್ನ ಅಮ್ಮ.

ನಮ್ಮ ಮನೆಯಲ್ಲಿ ‘ಹೋಗ್ತೀನಿ’ ಎಂದು ಯಾರೂ ಹೊಸಿಲು ದಾಟುವಂತಿರಲಿಲ್ಲ. ಶಾಲೆಗಾಗಲಿ, ಸಂತೆಗಾಗಲಿ, ಪಕ್ಕದ ಮನೆಗೇ ಆಗಲಿ, ‘ಬರ್ತೀನಿ’ ಎಂದೇ ಹೊರಡಬೇಕು. ಬಾಯಿತಪ್ಪಿ ‘ಹೋಗ್ತೀನಮ್ಮಾ’ ಎಂದರೆ ಹಿಂದಕ್ಕೆ ಕರೆದು, ಒಂದು ಗಳಿಗೆ ಕೂರಿಸಿ, ‘ಈಗ ಸರಿಯಾಗಿ ಹೇಳಿ ಹೊರಡು’ ಅನ್ನುತ್ತಿದ್ದಳು. ಆಕೆ ಹೋದದ್ದು ಹೋದ ವರ್ಷ, ನಿದ್ದೆಯಲ್ಲಿ, ಯಾರಿಗೂ ಏನೂ ಹೇಳದೆ. ಸ್ಮಶಾನದಲ್ಲಿ ಚಿತೆಗೆ ಬೆಂಕಿ ಇಟ್ಟ ಮೇಲೆ ಹಿರಿಯರೊಬ್ಬರು ನನ್ನ ಭುಜ ಹಿಡಿದು ತಿರುಗಿಸಿ, ‘ನಡಿ ಮಗಾ, ಹಿಂದಿರುಗಿ ನೋಡಬ್ಯಾಡ’ ಎಂದರು. ನಾನು ನೋಡಲಿಲ್ಲ. ಬೆನ್ನಿಗೆ ಬಿಸಿ ತಾಗುತ್ತಿತ್ತು.

ಆರ್ಫಿಯಸ್ ನೋಡಿಬಿಟ್ಟ. ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಆ ಗಾಯಕ ಪಾತಾಳಕ್ಕೆ ಇಳಿದದ್ದು ಇದೇ ಗಂಟಲಿನಿಂದ ಎಂದು ಈ ಸೀಮೆಯವರು ನಂಬುತ್ತಾರೆ. ಪುರಾಣದ ಆರ್ಫಿಯಸ್ ಥ್ರೇಸಿನವನು. ರೊಡೋಪಿ ಆ ಪ್ರಾಚೀನ ಥ್ರೇಸಿನ ನಡುವಿನ ಬೆಟ್ಟ. ಅವನ ಹಾಡಿಗೆ ಪಾತಾಳದ ದೊರೆಯೂ ಕರಗಿ ಅವಳನ್ನು ಬಿಟ್ಟುಕೊಟ್ಟ. ಷರತ್ತು ಒಂದೇ: ಹೊರಗಿನ ಬೆಳಕು ಮುಟ್ಟುವ ತನಕ ಹಿಂದಿರುಗಿ ನೋಡಕೂಡದು. ಇನ್ನೇನು ಬೆಳಕು ಕಾಣುತ್ತಿದೆ ಎನ್ನುವಾಗ ಅವನು ತಿರುಗಿದ, ಅವಳು ಕರಗಿಹೋದಳು. ಕಾಲೇಜಿನಲ್ಲಿ ಈ ಕತೆ ಓದಿದಾಗ ಅವನ ಮೇಲೆ ಸಿಟ್ಟು ಬಂದಿತ್ತು, ಇಷ್ಟು ತಾಳ್ಮೆ ಇಲ್ಲವೆ ಎಂದು. ಈ ಗುಹೆಯಿಂದ ಹೊರಗೆ ಹೋಗಲು ಕಡಿದಾದ ಮುನ್ನೂರು ಮೆಟ್ಟಿಲುಗಳಿವೆ, ಜಲಪಾತದ ಪಕ್ಕದಲ್ಲೇ, ಒದ್ದೆಯಲ್ಲಿ. ಹತ್ತುವಾಗ ಮಗಳು ನನ್ನ ಹಿಂದೆ ಬರುತ್ತಿದ್ದಳು. ಆ ಮೊರೆತದಲ್ಲಿ ಅವಳ ಹೆಜ್ಜೆಯ ಸಪ್ಪಳ ಕೇಳುವ ಮಾತೇ ಇಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ನಾನು ಹಿಂದಿರುಗಿ ನೋಡಿದೆ. ಆರ್ಫಿಯಸ್ಸನ ಮೇಲಿನ ನನ್ನ ಸಿಟ್ಟು ಆ ಮೆಟ್ಟಿಲುಗಳ ಮೇಲೆ ಕಳೆದುಹೋಯಿತು.

ಮಗಳು ಪ್ಲೋವ್ದಿವ್ ಎಂಬ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ನಮ್ಮ ದೇಶದ ಮಕ್ಕಳು ಅಲ್ಲಿ ಸುಮಾರು ಮಂದಿ ಇದ್ದಾರೆ. ಪರೀಕ್ಷೆಗೆ ಮುಂಚೆ ನಾಲ್ಕು ದಿನ ಬಿಡುವು ಮಾಡಿಕೊಂಡು ನನ್ನನ್ನು ಬೆಟ್ಟ ತೋರಿಸಲು ಕರೆತಂದಿದ್ದಳು. ದಾರಿಯಲ್ಲಿ 1083ರಲ್ಲಿ ಸ್ಥಾಪನೆಯಾದ ಬಾಚ್ಕೊವೊ ಮಠಕ್ಕೆ ಹೋಗಿ, ಬೆಳ್ಳಿಯ ಕವಚ ತೊಡಿಸಿದ ಮೇರಿಮಾತೆಯ ಪಟದ ಮುಂದೆ ಸರದಿಯಲ್ಲಿ ನಿಂತು ಕೈ ಮುಗಿದೆವು. ‘ಅದ್ಭುತ ಸೇತುವೆಗಳು’ ಎಂಬ ಅಮೃತಶಿಲೆಯ ಕಮಾನುಗಳ ಕೆಳಗೂ ನಡೆದೆವು. ಹಳೆಯ ಗುಹೆಯೊಂದರ ಚಾವಣಿ ಕುಸಿದು ಉಳಿದುಕೊಂಡ ತುಂಡುಗಳು ಅವು. ದೊಡ್ಡದು 45 ಮೀಟರ್‌ನಷ್ಟು ಎತ್ತರ. ಎರಡೂ ಚೆನ್ನಾಗಿದ್ದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳಲ್ಲ.

ಗುಹೆಯಿಂದ ಹೊರಬಂದು ಕಮರಿಯ ರಸ್ತೆಯಲ್ಲಿ ನಡೆಯುವಾಗ ಒಂದು ಹಕ್ಕಿ ಕಂಡಿತು. ಬಂಡೆಯದೇ ಬೂದುಬಣ್ಣ. ನೆಟ್ಟಗೆ ನಿಂತ ಗೋಡೆಗೆ ಅಂಟಿಕೊಂಡು ಇಲಿಯಂತೆ ಮೇಲಕ್ಕೆ ಹರಿದಾಡುತ್ತಿತ್ತು. ರೆಕ್ಕೆ ಬಿಚ್ಚಿದಾಗ ಕುಂಕುಮ ಚೆಲ್ಲಿದಂತೆ ಕೆಂಪು! ಬಿಚ್ಚಿತು, ಮುಚ್ಚಿತು, ಮತ್ತೆ ಬರೀ ಬಂಡೆ. ಯೂರೋಪಿನ ಹಕ್ಕಿಪ್ರಿಯರು ಈ ಒಂದು ಹಕ್ಕಿಗಾಗಿಯೇ ಟ್ರಿಗ್ರಾದ್ ಕಮರಿಗೆ ಬರುತ್ತಾರೆ ಎಂದು ಆಮೇಲೆ ತಿಳಿಯಿತು. ಅದೇ ನೆರಳುಗೋಡೆಯ ಬಿರುಕಿನಲ್ಲಿ, ನೆಲಕ್ಕೆ ಒತ್ತಿದ ಎಲೆಗಳ ನಡುವೆ, ತಿಳಿ ನೇರಳೆ ಹೂ ಬಿಟ್ಟ ಪುಟ್ಟ ಗಿಡವೊಂದನ್ನು ಮಗಳು ತೋರಿಸಿದಳು. ಹಿಮಯುಗಗಳನ್ನು ದಾಟಿ ಉಳಿದ ಗಿಡ ಅದು. ಸಸ್ಯಶಾಸ್ತ್ರದಲ್ಲಿ ಹಾಬರ್ಲಿಯಾ, ಜನರ ಬಾಯಲ್ಲಿ ಆರ್ಫಿಯಸ್ಸನ ಹೂ. ಅವನ ನೆತ್ತರು ಬಿದ್ದಲ್ಲಿ ಹುಟ್ಟಿದ್ದು ಎಂದು ಕತೆ. ನೀರಿಲ್ಲದಾಗ ಅದು ಪೂರ್ತಿ ಒಣಗಿ, ಮುಟ್ಟಿದರೆ ಪುಡಿಯಾಗುವಂತೆ ಸುರುಟಿಕೊಳ್ಳುತ್ತದೆ. ನೀರು ಬಿದ್ದರೆ ಮತ್ತೆ ಹಸಿರಾಗುತ್ತದೆ. ಕಾಗದದ ನಡುವೆ ಒತ್ತಿಟ್ಟು ಎರಡು ವರ್ಷಕ್ಕೂ ಮೀರಿ ಒಣಗಿಸಿದ್ದ ಗಿಡ ನೀರು ಕುಡಿದು ಚಿಗುರಿದ್ದನ್ನು ಬಲ್ಗೇರಿಯದ ವಿಜ್ಞಾನಿಗಳು ದಾಖಲಿಸಿದ್ದಾರೆ. ಒಣಗುವಾಗ ಅದು ತನ್ನ ಜೀವಕೋಶಗಳಲ್ಲಿ ಸಕ್ಕರೆಯನ್ನು ತುಂಬಿಕೊಂಡು ಅವು ಮುರಿಯದಂತೆ ಕಾಯ್ದುಕೊಳ್ಳುತ್ತದಂತೆ. ಸಂಜೀವಿನಿಯ ಕತೆ ಕೇಳಿ ಬೆಳೆದ ನಾವು ಇಬ್ಬರೂ ಆ ಬಿರುಕಿನ ಮುಂದೆ ಮಂಡಿಯೂರಿ ಬಹಳ ಹೊತ್ತು ಕೂತೆವು. ಮುಟ್ಟಲಿಲ್ಲ.

ನಮ್ಮ ಕಾವ್ಯಮೀಮಾಂಸೆ ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವ ಎಂದು ಹೇಳುತ್ತದೆ. ಸ್ಥಾಯಿ ಎಂದರೆ ನೆಲೆ ನಿಲ್ಲುವಂಥದ್ದು. ಈ ಮಾತು ನನಗೆ ಬಹುಕಾಲ ಒಪ್ಪಿಗೆಯಾಗಿರಲಿಲ್ಲ. ಶೋಕ ನಿಲ್ಲುತ್ತದೆ, ಸರಿ. ರತಿ ನಿಲ್ಲುತ್ತದೆ. ಬೆರಗು ಹೇಗೆ ನಿಂತೀತು? ಕಣ್ಣು ಅರಳುತ್ತದೆ, ಬಾಯಿ ತೆರೆಯುತ್ತದೆ, ಮರುಗಳಿಗೆಗೆ ಎರಡೂ ಮುಚ್ಚುತ್ತವೆ. ಹಕ್ಕಿಯ ರೆಕ್ಕೆಯಂತೆ. ಆದರೆ ಆ ದಿನ ಸಂಜೆ ಊರ ಕಡೆ ನಡೆಯುತ್ತಿದ್ದಾಗ, ಕಂಡ ಕೆಂಪಿಗಿಂತ ಮುಚ್ಚಿದ ರೆಕ್ಕೆಯೇ ಹೆಚ್ಚು ಕಾಡುತ್ತಿದೆ ಎಂಬುದು ಗಮನಕ್ಕೆ ಬಂತು. ಹೊಳೆಯೂ ಹಾಗೇ. ಕಣ್ಣೆದುರು ಹರಿಯುತ್ತಿದ್ದಾಗ ಅದು ಬರಿಯ ಹೊಳೆ. ಬಂಡೆಯೊಳಗೆ ಹೋದ ಮೇಲೆ ಅದನ್ನು ನಾನು ಬಿಡಲಾರದವನಾದೆ. ಮಗಳ ಹತ್ತಿರ ಭೂಪಟ ತೆಗೆಸಿ ಅದು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ನೋಡಿದೆ: ಟ್ರಿಗ್ರಾದ್ ಹೊಳೆಯ ನೀರು ವಾಚಾ ನದಿಗೆ, ವಾಚಾ ಮರಿತ್ಸಾಗೆ, ಮರಿತ್ಸಾ ಏಜಿಯನ್ ಸಮುದ್ರಕ್ಕೆ. ಹಳಬರು ಮರಿತ್ಸಾವನ್ನು ಹೆಬ್ರಸ್ ಎನ್ನುತ್ತಿದ್ದರು. ಆರ್ಫಿಯಸ್ಸನನ್ನು ಕೊಂದು ಚೂರು ಮಾಡಿ ಎಸೆದಾಗ ಅವನ ತಲೆ ಹಾಡುತ್ತಲೇ ತೇಲಿಹೋಯಿತು ಎಂದು ರೋಮನ್ ಕವಿಗಳು ಹೇಳುವುದು ಅದೇ ಹೆಬ್ರಸ್ಸಿನಲ್ಲಿ. ಪಾತಾಳಕ್ಕಿಳಿದ ಹೊಳೆ ಕೊನೆಗೆ ಅವನ ಹಾಡು ತೇಲಿದ ನದಿಯನ್ನೇ ಸೇರುತ್ತದೆ! ರಸ್ತೆಯ ಮಧ್ಯೆ ನಿಂತು ಇದನ್ನು ಮಗಳಿಗೆ ಎರಡು ಸಲ ಹೇಳಿದೆ.

ನಾವು ಉಳಿದುಕೊಂಡಿದ್ದು ಟ್ರಿಗ್ರಾದ್ ಹಳ್ಳಿಯ ಒಬ್ಬ ಅಜ್ಜಿಯ ಮನೆಯಲ್ಲಿ. ಅಲ್ಲಿ ಅಜ್ಜಿಗೆ ‘ಬಾಬಾ’ ಎನ್ನುತ್ತಾರೆ. ಊರಿನಲ್ಲಿ ಮಸೀದಿಯೂ ಚರ್ಚೂ ಹತ್ತಿರ ಹತ್ತಿರ ಇವೆ, ಎರಡೂ ಕಡೆಯವರು ಆಡುವುದು ಅದೇ ಬಲ್ಗೇರಿಯನ್. ಅಜ್ಜಿ ತುರಿದ ಆಲೂಗೆಡ್ಡೆಗೆ ಈರುಳ್ಳಿ, ಪುದೀನದ ಜಾತಿಯ ಸೊಪ್ಪು ಸೇರಿಸಿ ದಪ್ಪ ರೊಟ್ಟಿಯಂತೆ ಸುಟ್ಟ ಪಾಟಾಟ್ನಿಕ್ ಬಡಿಸಿದಳು. ಜೊತೆಗೆ ಮುರ್ಸಾಲಿತ್ಸಾ ಬೆಟ್ಟದ ಸೊಪ್ಪಿನ ಚಹಾ. ‘ಇನ್ನಷ್ಟು ಹಾಕಲೇ’ ಎಂದು ಕೇಳಿದಾಗ ನಾನು ಸಾಕು ಎಂದು ಅಡ್ಡಡ್ಡ ತಲೆಯಾಡಿಸಿದೆ. ಆಕೆ ತಟ್ಟೆ ತುಂಬ ಹಾಕಿದಳು. ಬಲ್ಗೇರಿಯದಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ‘ಹೌದು’, ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’. ಆಕೆಯ ‘ಹೌದು’ ಥೇಟ್ ನಮ್ಮಮ್ಮ ‘ಆಯ್ತಪ್ಪಾ ಆಯ್ತು’ ಎಂದು ತಲೆ ತೂಗುವ ಹಾಗೇ ಇತ್ತು.

ಎರಡು ದಿನ ಮುಂಚೆ, ಶಿರೋಕಾ ಲಕಾ ಎಂಬ ಕಲ್ಲುಹಾಸಿನ ಚಾವಣಿಗಳ ಊರಿನಲ್ಲಿ, ಜಾನಪದ ಕಲೆಗಳ ಶಾಲೆಯ ಹುಡುಗನೊಬ್ಬ ಸೇತುವೆಯ ಮೇಲೆ ಕೂತು ಕಬಾ ಗೈದಾ ಅಭ್ಯಾಸ ಮಾಡುತ್ತಿದ್ದ. ಇಡೀ ಆಡಿನ ಚರ್ಮದ ಚೀಲ, ಅದಕ್ಕೆ ಊದಲು ಒಂದು ಕೊಳವೆ, ನುಡಿಸಲು ಒಂದು, ಶ್ರುತಿ ಹಿಡಿಯಲು ಒಂದು. ಆ ಶ್ರುತಿ ತುಂಬ ಕೆಳಗಿನದು, ನಮ್ಮ ಮೌರಿಯ ಶ್ರುತಿಗಿಂತಲೂ ತಗ್ಗು. ಉಸಿರು ನಿಂತರೂ ಚೀಲದಲ್ಲಿ ತುಂಬಿಟ್ಟ ಗಾಳಿಯಿಂದ ನಾದ ಕಡಿಯದೆ ನಡೆಯುತ್ತದೆ. ಗುಹೆಯ ಮೊರೆತ ಕೇಳಿದ ಮೇಲೆ ನನಗೆ ಆ ವಾದ್ಯ ಅರ್ಥವಾಯಿತು. ಹೊಳೆ ಬಂಡೆಯೊಳಗೆ ಹಿಡಿದಿರುವ ಶ್ರುತಿಯೇ ಅದು.

ಆ ಶ್ರುತಿಯ ಮೇಲೆ ಹಾಡಿದ ಒಂದು ಹಾಡು ಈಗ ಭೂಮಿಯ ಮೇಲಿಲ್ಲದ ಜಾಗದಲ್ಲಿ ಇದೆ. ದೆಲ್ಯೊ ಎಂಬವನು ಒಟ್ಟೋಮನ್ ಆಳ್ವಿಕೆಯ ವಿರುದ್ಧ ಈ ಬೆಟ್ಟಗಳಲ್ಲಿ ಹೋರಾಡಿದ ಬಂಡುಕೋರ. ಅವನನ್ನು ಸೀಸದ ಗುಂಡು ಕೊಲ್ಲಲಾರದೆಂದು ಬೆಳ್ಳಿಯ ಗುಂಡು ಎರಕ ಹೊಯ್ದರು ಎಂದು ಐತಿಹ್ಯ. ಅವನು ಬೆಟ್ಟಕ್ಕೆ ಹೊರಟ ಹಾಡನ್ನು ಸ್ಮೋಲ್ಯನ್ ಸೀಮೆಯ ವಾಲ್ಯಾ ಬಾಲ್ಕಾನ್ಸ್ಕಾ ಎರಡು ಕಬಾ ಗೈದಾಗಳ ಜೊತೆ ಹಾಡಿದ್ದರು. 1977ರಲ್ಲಿ ನಾಸಾ ವಾಯೇಜರ್ ನೌಕೆಗಳನ್ನು ಹಾರಿಸುವಾಗ, ಅವುಗಳ ಜೊತೆ ಕಳಿಸಿದ, ಚಿನ್ನದ ಲೇಪ ಹಾಕಿದ ತಾಮ್ರದ ಧ್ವನಿತಟ್ಟೆಗೆ ಆರಿಸಿಕೊಂಡ 27 ಸಂಗೀತದ ತುಣುಕುಗಳಲ್ಲಿ ಅದೂ ಒಂದು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಭೈರವಿಯಲ್ಲಿ ಹಾಡಿದ ‘ಜಾತ್ ಕಹಾಂ ಹೋ’ ಇದೆ, ಅಂದರೆ ‘ಎಲ್ಲಿಗೆ ಹೊರಟೆ’. ಮತ್ತು ಅದೇ ತಟ್ಟೆಯಲ್ಲಿ, 55 ಭಾಷೆಗಳ ವಂದನೆಗಳ ನಡುವೆ, ಕನ್ನಡವೂ ಇದೆ. ಕನ್ನಡಿಗರೆಲ್ಲರ ಪರವಾಗಿ ಒಂದು ನಮಸ್ಕಾರ, ಒಂದು ಶುಭಾಶಯ, ಉಸಿರು ಬಿಡುವಷ್ಟರಲ್ಲಿ ಮುಗಿಯುವ ಮಾತು. 2012ರಲ್ಲಿ ವಾಯೇಜರ್ 1 ಸೂರ್ಯನ ಗಾಳಿಯ ಎಲ್ಲೆಯನ್ನೇ ದಾಟಿತು. ಈಗ ಅದಕ್ಕೆ ಇಲ್ಲಿಂದ ಕಳಿಸಿದ ರೇಡಿಯೊ ಸಂಕೇತ ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಇನ್ನೊಂದು ನಕ್ಷತ್ರದ ನೆರೆಗೆ ಅದು ಸುಳಿಯುವುದು ಸುಮಾರು 40,000 ವರ್ಷಗಳಾದ ಮೇಲೆ. ಅದು ಹಿಂದಿರುಗುವುದಿಲ್ಲ. ಹಿಂದಿರುಗಲೆಂದು ಕಳಿಸಿದ್ದೂ ಅಲ್ಲ.

ಈ ಬೆಟ್ಟಗಳಲ್ಲೇ, ರೋಝೆನ್ ಎಂಬಲ್ಲಿ, 1,759 ಮೀಟರ್ ಎತ್ತರದ ಮೇಲೆ ಎರಡು ಮೀಟರ್ ಕನ್ನಡಿಯ ದೂರದರ್ಶಕವಿದೆ, 1981ರಿಂದ. ಅದರ ಗುಮ್ಮಟವನ್ನು ನಾವು ಹೊರಗಿನಿಂದ ಕಂಡೆವು. ವಾಯೇಜರ್ ಆ ಕನ್ನಡಿಗೂ ಕಾಣದು, ಯಾವ ಕನ್ನಡಿಗೂ ಕಾಣದು. ಆದರೂ ಹಾಡನ್ನು ಕಳಿಸಿಕೊಟ್ಟ ಊರು ಆಕಾಶದತ್ತ ಕಣ್ಣು ತೆರೆದು ಕೂತಿದೆ. ಆ ರಾತ್ರಿ ಅಜ್ಜಿಯ ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ದೂರದಲ್ಲಿ ಹೊಳೆ ಗಂಟಲಿಗೆ ಇಳಿಯುವ ಸದ್ದು. ನನ್ನ ತಾಯಿ ಆಡಿದ ಭಾಷೆ ಆ ಕತ್ತಲಲ್ಲಿ ಎಲ್ಲೋ, ದೆಲ್ಯೊನ ಹಾಡಿನ ಪಕ್ಕದಲ್ಲಿ, ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅಮ್ಮನ ಚಿತೆಗೆ ಬೆನ್ನು ಮಾಡಿ ಬಂದ ದಿನದಿಂದ ಬಿಗಿದುಕೊಂಡಿದ್ದ ನನ್ನ ಕತ್ತು ಅಂದು ಸಡಿಲವಾಯಿತು. ಎಷ್ಟು ಹೊತ್ತು ಬೇಕಾದರೂ ನೋಡಬಹುದಾಗಿತ್ತು, ಅಲ್ಲಿ ಯಾರೂ ಕರಗಿಹೋಗುತ್ತಿರಲಿಲ್ಲ.

ಬೆಳಿಗ್ಗೆ ಹೊರಟೆವು. ಮಗಳಿಗೆ ಮುಂದಿನ ವಾರ ಪರೀಕ್ಷೆ ಎಂದು ತಿಳಿದ ಅಜ್ಜಿ ಒಳಗೆ ಹೋಗಿ ತಾಮ್ರದ ಪಾತ್ರೆಯಲ್ಲಿ ನೀರು ತಂದಳು. ನಾವು ಹೊಸಿಲ ಮುಂದೆ ನಿಂತಿದ್ದಂತೆ ಮಗಳ ಕಾಲ ಮುಂದಿನ ಕಲ್ಲುಹಾಸಿಗೆ ಅದನ್ನು ಚೆಲ್ಲಿದಳು. ನಾನು ಗಾಬರಿಯಾದೆ. ‘ಏನೂ ಇಲ್ಲಪ್ಪಾ, ಪರೀಕ್ಷೆಗೆ, ಪ್ರಯಾಣಕ್ಕೆ ಹೊರಟವರಿಗೆ ಹೀಗೆ ಮಾಡ್ತಾರೆ. ನಿನ್ನ ಕೆಲಸ ನೀರಿನ ಹಾಗೆ ಸಲೀಸಾಗಿ ಸಾಗಲಿ ಅಂತ’ ಎಂದು ಮಗಳು ಹೇಳಿದಳು. ನೀರು ಕಲ್ಲುಗಳ ಸಂದಿಗೆ ದಾರಿ ಮಾಡಿಕೊಂಡು ಇಳಿಜಾರಿನಲ್ಲಿ, ಹೊಳೆ ಇರುವ ಕಡೆಗೆ ಹರಿಯಿತು. ಮಗಳು ಅದರ ಮೇಲೆ ಕಾಲಿಟ್ಟು ದಾಟಿದಳು.

‘ಹೋಗಿ ಬರ್ತೀನಿ, ಬಾಬಾ’ ಎಂದೆ, ಕನ್ನಡದಲ್ಲೇ. ಅಜ್ಜಿ ಖಾಲಿ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಅಡ್ಡಡ್ಡ ತಲೆಯಾಡಿಸಿದಳು.