ವಿಧವೆಯ ಎರಡು ಕಾಸು

ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಹೂವು ಮಾರುವ ನಮ್ಮ ಸಭೆಯ ಒಬ್ಬ ವಿಧವೆ ತಾಯಿ, ಮಗಳ ಫೀಸಿಗೆ ಇಟ್ಟಿದ್ದ ದುಡ್ಡನ್ನು ಕಾಣಿಕೆಗೆ ಹಾಕಿಬಿಟ್ಟರು. ಎಂಥಾ ವಿಶ್ವಾಸ ಅಂತ ನಾನೂ ಸ್ತೋತ್ರ ಹೇಳಿದೆ.

ರಾತ್ರಿ ಮಾರ್ಕ 12 ತೆರೆದೆ. ಎರಡು ಕಾಸು ಹಾಕಿದ ವಿಧವೆಯ ವಿಷಯ 41ನೇ ವಚನದಿಂದ ಶುರು. ಅದಕ್ಕೆ ಮುಂಚಿನ 40ನೇ ವಚನವನ್ನು ನಾನು ಯಾವತ್ತೂ ಪ್ರಸಂಗಿಸಿರಲಿಲ್ಲ. ಅಲ್ಲಿ ಯೇಸು ಸ್ವಾಮಿ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಖಂಡಿಸುತ್ತಾರೆ. ಅಪೊಸ್ತಲರ ಕೃತ್ಯಗಳು 4ರಲ್ಲೂ ನೋಡಿ: ಅಪೊಸ್ತಲರ ಪಾದದ ಬಳಿ ಇಟ್ಟ ಹಣ ಅಲ್ಲೇ ಉಳಿಯಲಿಲ್ಲ, ಕೊರತೆಯಲ್ಲಿದ್ದವರಿಗೆ ಹೋಯಿತು.

ಹಿರಿಯರಿಗೆ ಹೇಳಿ ದುಡ್ಡು ವಾಪಸ್ ಕೊಡಲು ಹೋದೆ.

“ದೇವರಿಗೆ ಕೊಟ್ಟದ್ದು, ಪಾಸ್ಟರ್.”

“ದೇವರೇ ನಿಮ್ಮ ಮಗಳಿಗೆ ಕೊಡ್ತಿದ್ದಾರೆ, ತಗೊಳ್ಳಿ ಅಮ್ಮ.”

ಕಾಣಿಕೆ ಚೀಲ ಹಿಡಿಯುವ ನಮ್ಮ ಕೈಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.